ಮಗಳಿಗೊಂದು ಪತ್ರ: ಆ ಪಿಡಿಎಫ್‌ಗೆ ಸಹಿ ಹಾಕೋ ಮುಂಚೆ ಓದು

ಪುಟ್ಟಿ,

ನಿನ್ನೆ ಫೋನಲ್ಲಿ ಆಗಿದ್ದು ಮತ್ತೆ ಬರೆಯಲ್ಲ, ನಿಂಗೂ ಗೊತ್ತು ನಂಗೂ ಗೊತ್ತು. ಧ್ವನಿ ಸ್ವಲ್ಪ ಏರಿತು, ಅದಕ್ಕೆ ನಿಮ್ಮಮ್ಮ ರಾತ್ರಿಯೆಲ್ಲಾ ಬೈದಿದಾಳೆ, ಆ ಲೆಕ್ಕ ಚುಕ್ತಾ ಅಂದ್ಕೋ. ಆದ್ರೆ ಕಟ್ ಮಾಡೋ ಮುಂಚೆ ನೀನೊಂದು ಮಾತು ಅಂದ್ಯಲ್ಲ, "ಇದು ಜಮೀನಲ್ಲಪ್ಪ, ನಿಮಗೆ ಇದೆಲ್ಲ ತಿಳಿಯಲ್ಲ" ಅಂತ, ಅದು ತಲೇಲಿ ಕೂತ್ಬಿಟ್ಟಿದೆ. ನಿನ್ನ ಮೂರು ಹಾಡಿಗೆ ಆ ಮ್ಯೂಸಿಕ್ ಕಂಪನಿಯವರು ಕಳಿಸಿರೋ ಅಗ್ರಿಮೆಂಟನ್ನ ಸೋಮವಾರದೊಳಗೆ ಸೈನ್ ಮಾಡಿ ಕಳಿಸ್ಬೇಕು ಅಂದಿದಾರಂತೆ, ಅದಕ್ಕೇ ಇವತ್ತೇ ಬರೀತಿದೀನಿ. ವಾಟ್ಸಾಪಲ್ಲಿ ಉದ್ದ ಬರೆದ್ರೆ ನೀನು ಥಂಬ್ಸಪ್ ಹಾಕಿ ಸುಮ್ನಾಗ್ತೀಯ, ಹಾಗಾಗಿ ಮೇಲ್.

ಜಮೀನಲ್ಲ, ಒಪ್ಕೊಂಡೆ. ಆದ್ರೆ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಬಾಂಡ್ ರೈಟರ್ ಆಗಿ ಕೂತು ಕೂತು ಕಾಗದ ಓದೋದಂತೂ ಬಂದಿದೆ. ನೀನು ಕಳಿಸಿದ್ದನ್ನ ಪ್ರಿಂಟ್ ತೆಗೆಸಿ ಕೆಂಪು ಪೆನ್ ಹಿಡ್ಕೊಂಡು ಕೂತೆ. ಮೊದಲನೇ ಪುಟದಲ್ಲೇ ನಿನ್ನನ್ನ 'ಆರ್ಟಿಸ್ಟ್' ಅಂತ ಕರೆದಿದಾರೆ. ಖುಷಿ ಆಯ್ತು, ಸುಳ್ಳು ಯಾಕೆ ಹೇಳ್ಲಿ, ಪಕ್ಕದ ಟೇಬಲ್ಲಿನವರಿಗೂ ತೋರಿಸ್ದೆ. ಆಮೇಲೆ ನಾಲ್ಕನೇ ಪುಟಕ್ಕೆ ಬಂದೆ. ಮೂರೂ ಹಾಡಿನ ಸಾಹಿತ್ಯ, ರಾಗ, ರೆಕಾರ್ಡಿಂಗು, ಎಲ್ಲದರ ಹಕ್ಕೂ ಅವರಿಗೆ, ಶಾಶ್ವತವಾಗಿ, 'ಥ್ರೂಔಟ್ ದಿ ಯೂನಿವರ್ಸ್' ಅಂತೆ. ನಾನು ಅರ್ಧ ಗುಂಟೆ ಜಾಗದ ಕ್ರಯಪತ್ರ ಬರೆದ್ರೂ ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ಓಣಿ ಅಂತ ಚಕ್ಕುಬಂದಿ ಹಾಕ್ದೆ ಮುಂದಕ್ಕೆ ಕಳಿಸಿದವನಲ್ಲ. ಇವರು ಇಡೀ ಬ್ರಹ್ಮಾಂಡಾನೇ ಬರೆಸ್ಕೊಂಡಿದಾರೆ, ಚಕ್ಕುಬಂದಿನೇ ಇಲ್ಲ. ಅದೂ ನಲವತ್ತು ಸಾವಿರಕ್ಕೆ.

ಅದು ಕೈತಪ್ಪಿ ಬಂದ ಸಾಲಲ್ಲ ಕಣೆ. ಕಾಪಿರೈಟ್ ಕಾಯ್ದೆ 1957ರದ್ದು, ಅದರ 19ನೇ ಸೆಕ್ಷನ್ ಓದು. ಹಕ್ಕು ವರ್ಗಾವಣೆ ಮಾಡೋ ಕಾಗದದಲ್ಲಿ ಅವಧಿ ಬರೀದೆ ಬಿಟ್ರೆ ಕಾನೂನು ಅದನ್ನ 5 ವರ್ಷ ಅಂತ ತಗೊಳ್ಳುತ್ತೆ. ಯಾವ ಜಾಗಕ್ಕೆ ಅಂತ ಬರೀದೆ ಬಿಟ್ರೆ ಭಾರತದೊಳಗೆ ಮಾತ್ರ ಅಂತ ತಗೊಳ್ಳುತ್ತೆ. ಅದಕ್ಕೇ ಗೊತ್ತಿದ್ದವರು 'ಶಾಶ್ವತ', 'ಬ್ರಹ್ಮಾಂಡ' ಅಂತ ಎರಡನ್ನೂ ಮರೀದೆ ಹಾಕ್ತಾರೆ. ಇನ್ನೊಂದು, 2012ರಲ್ಲಿ ತಿದ್ದುಪಡಿ ಬಂತು. ಸಾಹಿತ್ಯ ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿಯ, ಅಂದ್ರೆ ಹಾಡು ಬಳಸಿದಾಗೆಲ್ಲ ಬರೋ ದುಡ್ಡಿನ, ಅರ್ಧ ಪಾಲನ್ನ ಕಂಪನಿಗೆ ಬಿಟ್ಕೊಡ್ತೀನಿ ಅಂತ ಬರ್ಕೊಟ್ರೂ ಅದು ನಡೆಯಲ್ಲ, ವಾರಸುದಾರರಿಗೆ ಅಥವಾ ರಾಯಲ್ಟಿ ವಸೂಲಿ ಮಾಡೋ ಸೊಸೈಟಿಗೆ ಮಾತ್ರ ಕೊಡಬಹುದು. ನಿನ್ನ ಅಗ್ರಿಮೆಂಟಿನ ಏಳನೇ ಪುಟದಲ್ಲಿ 'ಮುಂದೆ ಯಾವ ರಾಯಲ್ಟಿಯನ್ನೂ ಕೇಳುವುದಿಲ್ಲ' ಅಂತ ಇದೆ. ಆ ಸಾಲಿಗೆ ನಾನು ಎರಡು ಗೆರೆ ಹೊಡೆದಿದೀನಿ.

ನೀನು ಈಗ "ಶುರು ಮಾಡಿದ್ರು ಲೆಕ್ಚರು" ಅಂತಿರ್ತೀಯ. ಇರ್ಲಿ.

ಇಷ್ಟೆಲ್ಲಾ ಯಾಕೆ ಅಂದ್ರೆ ನಿನ್ನ ಚಿಕ್ಕಪ್ಪ. ಅವನ ಕ್ಯಾಸೆಟ್ ಕಥೆ ನಿಂಗೊತ್ತು, ಲಾಡ್ಜ್ ಕಥೆ ಗೊತ್ತಿಲ್ಲ. ಕಂಪನಿಯವರು ವ್ಯಾನಲ್ಲಿ ಬಂದು ಬಸ್ ಸ್ಟ್ಯಾಂಡ್ ಹತ್ರದ ಲಾಡ್ಜಲ್ಲಿ ರೂಮ್ ಹಿಡಿದಿದ್ರು. ಕಿಟಕಿಗೆಲ್ಲ ಹಾಸಿಗೆ ಒಡ್ಡಿದ್ರು, ಸದ್ದು ಬರುತ್ತೆ ಅಂತ ಫ್ಯಾನ್ ಆಫ್, ಬೇಸಿಗೆ ಬೇರೆ. ಇವನು ಬನಿಯನ್ನಲ್ಲಿ ನಿಂತು ತಾನೇ ಕಟ್ಟಿದ ಪದ ಹಾಡ್ತಿದಾನೆ, ಬೆವರು ಗಲ್ಲದಿಂದ ತೊಟ್ಟಿಕ್ಕಿ ಸಿಮೆಂಟ್ ನೆಲದ ಮೇಲೆ ಬೀಳ್ತಿದೆ, ನಾನು ಅವನ ಶರ್ಟ್ ಹಿಡ್ಕೊಂಡು ಬಾಗಿಲ ಹತ್ರ ಕೂತಿದೀನಿ. ನಾನಿನ್ನೂ ಟೈಪಿಂಗ್ ಕ್ಲಾಸಿಗೆ ಹೋಗ್ತಿದ್ದ ಕಾಲ. ಸಂಜೆ ಒಂದು ಸ್ಟಾಂಪ್ ಪೇಪರ್ ತಂದ್ರು, ಮೇಲೆ ಏನೂ ಬರೆದಿರ್ಲಿಲ್ಲ, ಪೂರಾ ಖಾಲಿ, ಕೆಳಗೆ ಪೆನ್ಸಿಲಲ್ಲಿ ಒಂದು ಇಂಟು ಮಾರ್ಕು. ಅಲ್ಲಿ ಸಹಿ ಹಾಕ್ದ. ಐನೂರು ರೂಪಾಯಿ, ಒಂದು ಶರ್ಟ್ ಪೀಸು.

ಮುಂದಿನ ನಾಯಕನಹಟ್ಟಿ ಜಾತ್ರೆಲಿ ಕ್ಯಾಸೆಟ್ ಅಂಗಡಿ ಪೂರ್ತಿ ಅದೇ ಪದ. ದುಡ್ಡು ಕೊಟ್ಟು ಒಂದು ತಗೊಂಡ್ವಿ. ಕವರ್ ಒಳಗಿನ ಕಾಗದ ಬಿಚ್ಚಿದ್ರೆ 'ಸಾಹಿತ್ಯ: ಜಾನಪದ'.

ಜಾನಪದ ಅಂತೆ! ಬರಗಾಲದಲ್ಲಿ ಸತ್ತ ನಮ್ಮ ಮನೆ ಎತ್ತಿನ ಹೆಸರಿದೆ ಆ ಪದದಲ್ಲಿ. ನಮ್ಮ ಬಾವಿ ಇದೆ, ನಿಮ್ಮಜ್ಜಿ ಆವತ್ತು ಉಣ್ಣಲಿಲ್ಲ ಅನ್ನೋದಿದೆ. ಅದು ಹೆಂಗೆ ಜಾನಪದ ಆಗುತ್ತೆ? ಹೋದ ವರ್ಷ ನೀನು ಅದನ್ನೇ ಹಾಡಿ ಯೂಟ್ಯೂಬಿಗೆ ಹಾಕಿದಾಗ ಹಕ್ಕು ನಮ್ಮದು ಅಂತ ಕಂಪನಿಯ ಕ್ಲೇಮ್ ಬಂದಿದ್ದು ಇಬ್ರೂ ನೋಡಿದೀವಿ, ಅದನ್ನ ಮತ್ತೆ ಹೇಳಲ್ಲ. ನೀನು ನಕ್ಕೆ ಆಗ.

ಸರಿ, ಸಹಿ ಹಾಕ್ಬೇಡ ಅಂದ್ರೆ ಮತ್ತೇನು ಮಾಡ್ಲಿ ಅಂತೀಯ. ಅದನ್ನೂ ಹುಡುಕ್ದೆ. ಮಧ್ಯಾಹ್ನ ಪಾರ್ಟಿಗಳು ಕಡಿಮೆ, ಕಂಪ್ಯೂಟರ್ ಸುಮ್ನೆ ಇತ್ತು. ಹಾಡನ್ನ ಸ್ಪಾಟಿಫೈ, ಆಪಲ್ ಮ್ಯೂಸಿಕ್ ಎಲ್ಲಾ ಕಡೆ ಹಾಕಿಸೋಕೆ ಯಾವ ಕಂಪನಿಗೂ ಹಕ್ಕು ಬರ್ಕೊಡೋದು ಬೇಡ್ವಂತಲ್ಲ! ಡಿಸ್ಟ್ರೋಕಿಡ್ ಅಂತ ಇದೆ, ವರ್ಷಕ್ಕಿಷ್ಟು ಅಂತ ಫೀಸು ಕಟ್ಟಿದ್ರೆ ರಾಯಲ್ಟಿಲಿ ಪಾಲು ಕೇಳಲ್ಲ, ಆದ್ರೆ ಫೀಸು ನಿಲ್ಲಿಸಿದ್ರೆ ಹಾಡು ಇಳಿಸ್ಬಿಡ್ತಾರೆ, ಉಳಿಸ್ಕೋಬೇಕು ಅಂದ್ರೆ ಅದಕ್ಕೆ ಬೇರೆ ದುಡ್ಡು. ಸಿಡಿ ಬೇಬಿ ಒಂದೇ ಸಲ ಫೀಸು ತಗೊಂಡು ಬಂದ ದುಡ್ಡಲ್ಲಿ ನೂರಕ್ಕೆ 9 ಹಿಡ್ಕೊಳ್ಳುತ್ತೆ. ರೂಟ್‌ನೋಟಲ್ಲಿ ಫ್ರೀ ಪ್ಲಾನಿದೆ, ನೂರಕ್ಕೆ 15 ಅವರದ್ದು. ನಂಗೆ ಸಿಡಿ ಬೇಬಿ ಥರದ್ದೇ ವಾಸಿ ಅನ್ಸುತ್ತೆ, ಪ್ರತಿ ವರ್ಷ ಕಟ್ಟೋ ಬಾಬತ್ತು ಯಾವಾಗ್ಲೂ ಮರೆತು ಹೋಗುತ್ತೆ, ನಿನ್ನ ಗಾಡಿ ಇನ್ಶೂರೆನ್ಸ್ ನೆನಪಿದ್ಯಲ್ಲ.

ಐಎಸ್‌ಆರ್‌ಸಿ ನಂಬರ್ ಅಂತ ಪ್ರತಿ ರೆಕಾರ್ಡಿಂಗಿಗೂ 12 ಅಕ್ಷರದ್ದೊಂದು ಕೋಡ್ ಬರುತ್ತೆ, ಈ ಕಂಪನಿಗಳೇ ಕೊಡ್ತವೆ, ಅದನ್ನ ಬರೆದಿಟ್ಕೋ. ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್ ಅನ್ನೋದ್ರಲ್ಲಿ ಅಕೌಂಟ್ ಮಾಡ್ಕೊಂಡ್ರೆ ಹಾಡು ಬಿಡುಗಡೆ ಆಗೋಕೆ 7 ದಿನ ಮುಂಚೇನೇ ಅವರ ಪ್ಲೇಲಿಸ್ಟ್ ಮಾಡೋ ಎಡಿಟರ್‌ಗಳಿಗೆ ಕಳಿಸಬಹುದು, ಬಿಡುಗಡೆ ಆದ್ಮೇಲೆ ಕಳಿಸೋಕಾಗಲ್ಲ, ಹಾಗಾಗಿ ಯಾವಾಗಿನ ಥರ ರಾತ್ರಿ ಹನ್ನೆರಡಕ್ಕೆ ತಲೆಗೆ ಬಂತು ಅಂತ ಅಪ್‌ಲೋಡ್ ಮಾಡ್ಬೇಡ. ದುಡ್ಡಿನ ಆಸೆ ಮಾತ್ರ ಜಾಸ್ತಿ ಇಟ್ಕೋಬೇಡ, 2024ರಿಂದ ವರ್ಷಕ್ಕೆ 1000 ಸಲ ಕೇಳ್ದೆ ಇರೋ ಹಾಡಿಗೆ ಸ್ಪಾಟಿಫೈ ಏನೂ ಕೊಡಲ್ಲ. ಇನ್‌ಸ್ಟಾದಲ್ಲಿ ಬಂದು "ಇಷ್ಟು ಸಾವಿರ ಕೊಡಿ, ಪ್ಲೇಲಿಸ್ಟಿಗೆ ಹಾಕಿ ಲಕ್ಷ ವ್ಯೂಸ್ ತರಿಸ್ತೀವಿ" ಅನ್ನೋರ ಸಹವಾಸಾನೂ ಬೇಡ. ಅದು ಸುಳ್ಳು ಸ್ಟ್ರೀಮು ಅಂತ ಗೊತ್ತಾದ್ರೆ ಹಾಡನ್ನೇ ತೆಗೆದುಹಾಕ್ತಾರೆ.

ಕಲಿಯೋಕೂ ಬೇಕಾದಷ್ಟಿದೆ. ಏಬಲ್ಟನ್‌ನವರದ್ದು ಲರ್ನಿಂಗ್ ಮ್ಯೂಸಿಕ್ ಅಂತ ಒಂದು ಸೈಟು, ದುಡ್ಡಿಲ್ಲ, ಲಾಗಿನ್ನೂ ಇಲ್ಲ. ಚೌಕ ಚೌಕ ಇರುತ್ತೆ, ಒತ್ತಿದ್ರೆ ಡ್ರಮ್ಮು. ನಾನು ಒತ್ತಿ ನೋಡ್ತಾ ಕೂತಿದ್ದೆ, ವಿಭಾಗ ಪತ್ರ ಮಾಡಿಸೋಕೆ ಬಂದ ಅಣ್ಣತಮ್ಮಂದ್ರು ಜಗಳ ನಿಲ್ಲಿಸಿ ನನ್ನ ಮುಖ ನೋಡಿದ್ರು. ಕೋರ್ಸೆರಾದಲ್ಲಿ ಬರ್ಕ್ಲೀ ಸಂಗೀತ ಕಾಲೇಜಿನ ಪ್ಯಾಟ್ ಪ್ಯಾಟಿಸನ್ ಅನ್ನೋ ಮೇಷ್ಟ್ರು ಸಾಹಿತ್ಯ ಬರೆಯೋದು ಹೇಳ್ಕೊಡ್ತಾರೆ, ಒಳ್ಳೆಯದೇ, ಆದ್ರೆ ಅದು ಇಂಗ್ಲಿಷಿನ ಒತ್ತು ನೋಡಿ ಬರೆಯೋ ಲೆಕ್ಕ. ನಮ್ಮದು ಮಾತ್ರೆ ಲೆಕ್ಕ, ಪ್ರಾಸಾನೂ ಕೊನೇಲಿ ಅಷ್ಟೇ ಅಲ್ಲ, ಎರಡನೇ ಅಕ್ಷರದಲ್ಲೂ ಕೂರುತ್ತೆ. ನಿನ್ನ ಎರಡನೇ ಹಾಡಲ್ಲಿ ಪಲ್ಲವಿ ಎಳೆದಂಗೆ ಕೇಳೋದು ಅದಕ್ಕೇ ಅಂತ ನನ್ನ ಅಂದಾಜು, ಸಿಟ್ಟಾಗ್ಬೇಡ. ವಚನ ಸಂಚಯ ಅಂತ ವೆಬ್‌ಸೈಟಿದೆ, ಒಂದು ಪದ ಕೊಟ್ರೆ ಅದಿರೋ ವಚನಗಳನ್ನೆಲ್ಲ ತೋರಿಸುತ್ತೆ. ಅಲರ್ ನಿಘಂಟೂ ಆನ್‌ಲೈನಲ್ಲಿ ಫ್ರೀ ಇದೆ. ದಿನಾ ಸ್ವಲ್ಪ ಹೊತ್ತು ಅದರಲ್ಲಿ ಕಳೆದ್ರೆ ಪ್ರತಿ ಹಾಡಲ್ಲೂ 'ಕನಸು', 'ಮನಸು' ಅಂತಾನೇ ಬರೆಯೋದು ತಪ್ಪುತ್ತೆ.

ಕಾಗದದ ವಿಷಯಕ್ಕೆ ವಾಪಸ್ ಬರ್ತೀನಿ. ಒಂದು ಹಾಡಿಗೆ ಮೂರು ಖಾತೆ ಅಂತ ತಿಳ್ಕೋ: ಸಾಹಿತ್ಯದ್ದು ಒಂದು, ರಾಗದ್ದು ಒಂದು, ರೆಕಾರ್ಡಿಂಗಿಂದು ಒಂದು. ನೀನು ನಿನ್ನ ರೂಮಲ್ಲಿ ನಿನ್ನ ದುಡ್ಡಲ್ಲಿ ರೆಕಾರ್ಡ್ ಮಾಡಿದ್ರೆ ಆ ಮೂರನೆಯದೂ ನಿಂದೇ. ಕಾಪಿರೈಟ್ ಆಫೀಸಿನ ಸೈಟಲ್ಲೇ ರಿಜಿಸ್ಟರ್ ಮಾಡಿಸಬಹುದು, ಸಾಹಿತ್ಯಕ್ಕೆ 500, ರಾಗಕ್ಕೆ 500, ರೆಕಾರ್ಡಿಂಗಿಗೆ 2000. ಮಾಡಿಸ್ಲೇಬೇಕು ಅಂತ ಕಾನೂನಿಲ್ಲ, ಬರೆದ ತಕ್ಷಣಾನೇ ಹಕ್ಕು ನಿಂದು, ಆದ್ರೆ ನಾಳೆ ತಕರಾರು ಬಂದ್ರೆ ಕೈಯಲ್ಲೊಂದು ಸರ್ಟಿಫಿಕೇಟ್ ಇರುತ್ತೆ. ಐಪಿಆರ್‌ಎಸ್‌ಗೆ ಮೆಂಬರ್ ಆಗು. 1969ರಿಂದ ಇರೋ ಸೊಸೈಟಿ ಅದು, ಸಾಹಿತ್ಯ ಬರೆದವರಿಗೆ, ರಾಗ ಹಾಕಿದವರಿಗೆ ರೇಡಿಯೋ, ಟಿವಿ, ಹೋಟ್ಲು ಎಲ್ಲಾ ಕಡೆಯಿಂದ ವಸೂಲಿ ಮಾಡಿ ಕೊಡುತ್ತೆ. ಹಾಡೋರಿಗೆ 2013ರಲ್ಲಿ ಇಸ್ರಾ ಅಂತ ಬೇರೆದು ಶುರುವಾಯ್ತು. ಐಪಿಆರ್‌ಎಸ್ ಹೆಸರು ನಿನ್ನ ಚಿಕ್ಕಪ್ಪನ ಕಿವಿಗೆ ಆಗ ಬಿದ್ದಿದ್ರೆ... ಬಿಡು. ಇಲ್ಲ, ಬಿಡೋಕಾಗ್ತಿಲ್ಲ. ಪೂರಾ ಖಾಲಿ ಹಾಳೆ ಕಣೆ ಅದು. ಈಗಲೂ ಯಾರಾದ್ರೂ ಖಾಲಿ ಬಾಂಡಿಗೆ ಸಹಿ ಹಾಕ್ತೀನಿ ಅಂದ್ರೆ ನಾನು ಪೆನ್ ಕೊಡಲ್ಲ, ಪಾರ್ಟಿಗಳು "ಏನ್ ಸ್ವಾಮಿ ನಿಮ್ಮ ಕಾಟ" ಅಂತಾರೆ.

ಇವತ್ತು ಸಂಜೆ ಚಿಕ್ಕಪ್ಪನಿಗೆ ನಿನ್ನ ವಿಷಯ ಹೇಳ್ದೆ. ನನ್ನ ಕಡೆ ಮಾತಾಡ್ತಾನೆ ಅಂತಿದ್ದೆ. "ಹಾಕ್ಲಿ ಬಿಡಣ್ಣ, ಕೇಳೋರು ಇರಬೇಕು ಅಷ್ಟೇ, ಆವತ್ತು ಜಾತ್ರೆ ಪೂರ್ತಿ ನನ್ನ ಪದ ಹಾಡ್ತಲ್ಲ" ಅಂದ, ಟ್ರ್ಯಾಕ್ಟರ್ ಹತ್ತಿ ಹೋದ. ಅವನಿಗೆ ಬೇಜಾರೇ ಇಲ್ಲ ನೋಡು, ನಂಗೇ ಇರೋದು. ನಿನ್ನ ಕೈಗೆ ಒಂದು ಪಾಯಿಂಟ್ ಕೊಡ್ತಿದೀನಿ ಅಂತ ಗೊತ್ತಿದ್ರೂ ಬರೀತಿದೀನಿ. ಆದ್ರೂ ಒಂದು ಕೇಳ್ತೀನಿ, ಆ ಎತ್ತಿನ ಹೆಸರು ಹಾಡೋ ಜಾತ್ರೆಗೆ ಅದು ಯಾರ ಎತ್ತು ಅಂತ ಗೊತ್ತಿತ್ತಾ?

ಹತ್ತನೇ ಪುಟ ನೀನು ಓದಿಲ್ಲ ಅನ್ಸುತ್ತೆ. ಎಲ್ಲಾ ನನ್ನ ಸ್ವಂತದ್ದು, ಯಾರಾದ್ರೂ ಕೇಸ್ ಹಾಕಿದ್ರೆ ಖರ್ಚು ನಂದು ಅಂತ ನಿನ್ನ ಕೈಲಿ ಬರೆಸ್ಕೊಂಡಿದಾರೆ. ನೀನು ಮೊದಲನೇ ಹಾಡಲ್ಲಿ ಬೇಂದ್ರೆ ಅಜ್ಜನ ನಾಲ್ಕು ಸಾಲು ಸೇರಿಸಿದೀಯ. ಅವರು ತೀರಿಕೊಂಡಿದ್ದು 1981ರಲ್ಲಿ, ಕಾಪಿರೈಟು ಅಲ್ಲಿಂದ 60 ವರ್ಷ, ಅಂದ್ರೆ 2041ರ ಕೊನೇವರೆಗೆ. ಅವರ ಹಕ್ಕುದಾರರ ಅನುಮತಿ ಬೇಕೇ ಬೇಕು. ಹಳೇ ಪದಾನೇ ಬೇಕು ಅಂದ್ರೆ ಶರೀಫಜ್ಜಂದು ತಗೋ, ಅವರು ಹೋಗಿದ್ದು 1889ರಲ್ಲಿ, ಮಾತಿಗೆ ಯಾರೂ ಕೇಳಲ್ಲ. ಆದ್ರೆ ಬೇರೆಯವರು ಈಗ ಹಾಕಿರೋ ರಾಗ ಎತ್ಕೋಬೇಡ, ಅದು ಅವರದ್ದು.

ಆ ಕಂಪನಿಯವರಿಗೆ ಒಂದು ಮೇಲ್ ಹಾಕು. ಪೂರ್ತಿ ಹಕ್ಕು ಬೇಡ, ರೆಕಾರ್ಡಿಂಗಿಗೆ ಮಾತ್ರ 3 ವರ್ಷದ ಲೈಸೆನ್ಸ್ ಕೊಡ್ತೀನಿ, ಸಾಹಿತ್ಯ ಮತ್ತು ರಾಗ ನಂದೇ, ಎಲ್ಲಾ ಕಡೆ ನನ್ನ ಹೆಸರು ಹಾಕ್ಬೇಕು ಅಂತ ಬರಿ. ಒಪ್ಪಿದ್ರೆ ಸಹಿ ಹಾಕು, ನಾನು ಬಾಯಿ ಬಿಡಲ್ಲ. ಒಪ್ಪದೆ ಇದ್ದು, ನೀನು ಆದ್ರೂ ಹಾಕ್ತೀನಿ ಅಂದ್ರೆ ಹಾಡು ನಿಂದು, ಸಹಿ ನಿಂದು. ಪ್ರತಿ ಪುಟದ್ದೂ ಜೆರಾಕ್ಸ್ ಇಟ್ಕೋ. ಮೈಕಿಗೆ, ಪಿಜಿ ಬಾಡಿಗೆಗೆ ಅಂತ ಆ ನಲವತ್ತು ಸಾವಿರ ನೋಡ್ತಿದ್ರೆ ನಂಗೆ ಹೇಳು, ಈ ತಿಂಗಳು ಚೀಟಿ ಎತ್ತಿದೀನಿ. ಸಾಲ ಅಂತ ಬೇಕಾದ್ರೂ ತಗೋ, ಬಾಂಡ್ ಬರೆಸಲ್ಲ.

ಇನ್ನೊಂದು ಮರೆತೆ. ಮೂರನೇ ಹಾಡಿನ ರಾಗ ಆ ಗಿಟಾರ್ ಹುಡುಗಂದು ಅಂತ ಅಮ್ಮ ಹೇಳಿದ್ಲು. ಹಾಗಿದ್ರೆ ನೀನೊಬ್ಳೇ ಅದರ ಹಕ್ಕು ಯಾರಿಗೂ ಕೊಡೋಕಾಗಲ್ಲ. ಸ್ಪ್ಲಿಟ್ ಶೀಟ್ ಅಂತ ಮಾಡ್ಕೋತಾರಂತೆ, ಯಾರಿಗೆ ನೂರಕ್ಕೆ ಎಷ್ಟು ಅಂತ ಬರೆದು ಇಬ್ರೂ ಸಹಿ ಹಾಕೋದು, ಫ್ರೆಂಡ್ಸ್ ಆಗಿರೋವಾಗ್ಲೇ ಮಾಡ್ಕೊಳ್ಳಿ. ಡ್ರಾಫ್ಟ್ ನಾನೇ ಬರೆದು ಕಳಿಸ್ತೀನಿ. ಅವನ ಪೂರ್ತಿ ಹೆಸರು, ತಂದೆ ಹೆಸರು, ಊರು ಕಳಿಸು. ಬಿನ್ ಯಾರು ಅಂತ ಹಾಕ್ಬೇಕಲ್ಲ ಅದಕ್ಕೆ ಕೇಳಿದ್ದು, ಬೇರೇನಿಲ್ಲ. ಅಮ್ಮನೂ ಕೇಳ್ತಿದ್ಲು.

ಅಪ್ಪ