ಗೂಡು ಕಟ್ಟುವ ಮೊದಲೇ ಹಕ್ಕಿಗೆ ಕಾವಲು ಬೇಕು: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರೇ,

ನಮಸ್ಕಾರ. ನಾನು ಹಕ್ಕಿಗಳ ಫೋಟೊ ತೆಗೆಯುವವನು. ಒಂದು ದೂರು ಹೇಳಲು ಬರೆಯುತ್ತಿದ್ದೇನೆ. ಮೊದಲ ದೂರು ನನ್ನ ಮೇಲೇ ಇದೆ.

ಮೆಟ್ಟುಗಾಲು ಹಕ್ಕಿಯನ್ನು ನೀವು ನೋಡಿರುತ್ತೀರಿ. ಬಿಳಿ ಮೈ, ಕಪ್ಪು ರೆಕ್ಕೆ, ಗುಲಾಬಿ ಬಣ್ಣದ ಉದ್ದುದ್ದ ಕಾಲು. ಆದರೆ ಜೋಡಿ ಕೂಡುವ ಮೊದಲು ಏನೇನು ನಡೆಯುತ್ತದೆ ಅನ್ನೋದನ್ನು ನೋಡಿದವರು ಕಡಿಮೆ. ಹೆಣ್ಣು ಮೊಣಕಾಲುದ್ದ ನೀರಿನಲ್ಲಿ ಕತ್ತನ್ನು ಮುಂದಕ್ಕೆ ಚಾಚಿ ಅಲುಗದೆ ನಿಲ್ಲುತ್ತದೆ. ಗಂಡು ಪಕ್ಕಕ್ಕೆ ಬಂದು ಕೊಕ್ಕನ್ನು ನೀರಿಗೆ ಅದ್ದಿ ಎದೆಯ ಗರಿ ತೀಡಿಕೊಳ್ಳುತ್ತದೆ. ಹೆಣ್ಣಿನ ಹಿಂದಿನಿಂದ ಬಳಸಿ ಆಚೆ ಬದಿಗೆ ಹೋಗಿ ಮತ್ತೆ ಅದನ್ನೇ ಮಾಡುತ್ತದೆ. ಈಚೆಗೆ, ಆಚೆಗೆ, ಈಚೆಗೆ. ಹೋಗ್ತಾ ಹೋಗ್ತಾ ಅವಸರ ಜಾಸ್ತಿಯಾಗಿ ನೀರು ಚಿಮ್ಮತೊಡಗುತ್ತದೆ. ಆಮೇಲೆ ಬೆನ್ನೇರುತ್ತದೆ, ಕೆಲವೇ ಸೆಕೆಂಡು. ಇಳಿದ ಮೇಲೆ ಗಂಡಿನ ಒಂದು ರೆಕ್ಕೆ ಹೆಣ್ಣಿನ ಬೆನ್ನ ಮೇಲಿರುತ್ತದೆ, ಎರಡರ ಕೊಕ್ಕೂ ಕತ್ತರಿ ಹಾಕಿಕೊಂಡಿರುತ್ತವೆ. ಹಾಗೇ ನಾಲ್ಕು ಹೆಜ್ಜೆ ಒಟ್ಟಿಗೆ ನಡೆದು ಬೇರೆಯಾಗುತ್ತವೆ.

ಆ ನಾಲ್ಕು ಹೆಜ್ಜೆಗಾಗಿ ನಮ್ಮಂಥವರು ನಿದ್ದೆಗೆಟ್ಟು ಕಾಯುತ್ತೇವೆ. ನಾನೂ ಮೂರು ಬೆಳಗ್ಗೆ ಕೆಸರಿನಲ್ಲಿ ಮಲಗಿ ಕಾದಿದ್ದೆ. ನಾಲ್ಕನೇ ದಿನ ಹೆಣ್ಣು ಕತ್ತು ಚಾಚಿತು. ನನ್ನ ದುರಾಸೆಗೆ ಸರಿಯಾಗಿ ಒಂದು ಜೊಂಡಿನ ಕಡ್ಡಿ ಅಡ್ಡ ಬಂದಿತ್ತು. ಸ್ವಲ್ಪ ಪಕ್ಕಕ್ಕೆ ಸರಿದರೆ ಸಾಕು ಅಂತ ಮೊಣಕಾಲೂರಿ ಎದ್ದೆ. ಹೆಣ್ಣು ತಲೆ ಎತ್ತಿತು. ಎರಡೂ ಕೂಗುತ್ತಾ ಹಾರಿಹೋದವು. ಅಲ್ಲಿ ಗೂಡಿರಲಿಲ್ಲ, ಮೊಟ್ಟೆ ಇರಲಿಲ್ಲ. ಯಾರಾದರೂ ನನ್ನ ಮೇಲೆ ಕೇಸು ಹಾಕೋಣ ಅಂದಿದ್ದರೂ ತೋರಿಸೋದಕ್ಕೆ ಏನೂ ಸಿಗುತ್ತಿರಲಿಲ್ಲ.

ನನ್ನ ಮಾತು ಇರೋದು ಅಲ್ಲೇ. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಅನ್ನೋ ಪದದ ಅರ್ಥ ತೆಗೆದು ನೋಡಿ. ಹಕ್ಕಿಯ ಗೂಡನ್ನೋ ಮೊಟ್ಟೆಯನ್ನೋ ಕೆಣಕಿದರೆ ಅದೂ ಬೇಟೆಯೇ. ಬಹಳ ಒಳ್ಳೆಯ ಮಾತು. ಬ್ರಿಟನ್ನಿನ 1981ರ ಕಾಯ್ದೆಯೂ ಅಪರೂಪದ ಹಕ್ಕಿಗಳ ಪಟ್ಟಿ ಮಾಡಿ, ಅವು ಗೂಡು ಕಟ್ಟುವಾಗ, ಮೊಟ್ಟೆ ಮರಿಗಳ ಜೊತೆ ಇರುವಾಗ ತೊಂದರೆ ಕೊಡಬಾರದು ಅನ್ನುತ್ತದೆ. ಅದೂ ಸರಿಯೇ. ಆದರೆ ಗಂಡು ಕುಣಿದು, ಹೆಣ್ಣು ನೋಡಿ, ಒಪ್ಪಿ, ಎರಡೂ ಕೂಡಿದ ಮೇಲೆ ತಾನೇ ಮೊಟ್ಟೆ? ಆ ಮುಂಚಿನ ದಿನಗಳನ್ನು ಹೆಸರು ಹೇಳಿ ಕಾಯುವ ಕಾನೂನು ಕಡಿಮೆ. ಸ್ಕಾಟ್ಲೆಂಡ್ 2004ರಲ್ಲಿ ಈ ತೂತನ್ನು ಕಂಡು ಮುಚ್ಚಿತು. ಅಲ್ಲಿನ ಪೈನ್ ಕಾಡುಗಳಲ್ಲಿ ಕ್ಯಾಪರ್‌ಕೇಲಿ ಅನ್ನೋ ದೊಡ್ಡ ಹಕ್ಕಿಯ ಗಂಡುಗಳು ಒಂದೇ ಜಾಗದಲ್ಲಿ ಸೇರಿ ಕುಣಿಯುತ್ತವೆ. ಇಂಥ ಕುಣಿತದ ಅಖಾಡಕ್ಕೆ ಲೆಕ್ ಅಂತಾರೆ. ಪಟ್ಟಿಯಲ್ಲಿರುವ ಹಕ್ಕಿ ಹೀಗೆ ಲೆಕ್‌ನಲ್ಲಿ ಕುಣಿಯುವಾಗ ಬೇಕೆಂದೇ ಆಗಲಿ, ಲೆಕ್ಕಿಸದೆಯೇ ಆಗಲಿ ತೊಂದರೆ ಕೊಟ್ಟರೆ ಅಲ್ಲಿ ಅಪರಾಧ. ಗೂಡು ಇರಬೇಕು ಅಂತೇನಿಲ್ಲ.

ಒಂದು ಬೆಳಗ್ಗೆ ಕುಣಿತ ಕೆಟ್ಟರೆ ಏನಾಯ್ತು, ನಾಳೆ ಕುಣಿಯುತ್ತದೆ ಬಿಡಿ ಅಂತ ನಿಮಗೆ ಯಾರಾದರೂ ಹೇಳಬಹುದು. ಕೆಲವು ಹಕ್ಕಿಗಳ ಮಟ್ಟಿಗೆ ಅದು ನಿಜ. ಗೀಜಗ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅರ್ಧ ಗೂಡು ನೇಯ್ದು, ಅದಕ್ಕೆ ಜೋತುಬಿದ್ದು ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಒಪ್ಪಿದರೆ ಉಳಿದರ್ಧ ನೇಯುತ್ತದೆ. ಕೆಳಗೆ ರಸ್ತೆಯಲ್ಲಿ ಬಸ್ಸು ಹೋದರೂ ಅದರ ಕೆಲಸ ನಿಲ್ಲದು. ಎರ್ಲಡ್ಡು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಹಾಗಲ್ಲ. ಅದು ಬಯಲು ಹುಲ್ಲುಗಾವಲಿನ ಹಕ್ಕಿ, ಮಹಾ ಅಂಜುಬುರುಕ. ಗಂಡು ಕತ್ತಿನ ಚೀಲ ಉಬ್ಬಿಸಿ ದೂರದ ಹೆಣ್ಣಿಗೆ ಕೇಳುವಂತೆ ಗುಡುಗುತ್ತದೆ. ಹೆಣ್ಣು ಸಾಮಾನ್ಯವಾಗಿ ಇಡೋದು ಒಂದೇ ಮೊಟ್ಟೆ. ಅಂಥ ಹಕ್ಕಿಯ ಕುಣಿತದ ಜಾಗಕ್ಕೆ ಒಂದು ಜೀಪು ನುಗ್ಗಿದರೆ ನಷ್ಟ ಎಷ್ಟು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಕಾಲ್ ಹಾಕುವ ಚಟ, ಅಂದರೆ ರೆಕಾರ್ಡ್ ಮಾಡಿದ ಕೂಗು ಕೇಳಿಸಿ ಹಕ್ಕಿಯನ್ನು ಹತ್ತಿರ ಕರೆಯೋದು. ನಮ್ಮವರ ಜೇಬಿನಲ್ಲಿ ಈಗ ಎಲ್ಲ ಹಕ್ಕಿಗಳ ಕೂಗೂ ಇದೆ. ಒಮ್ಮೆ ಒಬ್ಬ ಗೈಡ್ ನವರಂಗ ಹಕ್ಕಿಯ ಕೂಗನ್ನು ಪುಟ್ಟ ಸ್ಪೀಕರಿನಲ್ಲಿ ಹಾಕಿದ. ಎರಡೇ ನಿಮಿಷಕ್ಕೆ ಗಂಡು ನಮ್ಮ ಎದುರು ಕೊಂಬೆಗೆ ಬಂದು ಕೂತು ಎದೆ ಉಬ್ಬಿಸಿ ಕೂಗಿತು. ಎಲ್ಲರ ಕ್ಯಾಮೆರಾಗಳೂ ಒಂದೇ ಸಮನೆ ಕಟಕಟ ಅಂದವು. ಅವನು ಮತ್ತೆ ಹಾಕಿದ. ಅದು ಮತ್ತೆ ಕೂಗಿತು. ಪಾಪ, ತನ್ನ ಜಾಗಕ್ಕೆ ಇನ್ನೊಬ್ಬ ಗಂಡು ನುಗ್ಗಿದ್ದಾನೆ ಅಂತ ಅದರ ಲೆಕ್ಕ. ಮೇವು ಬಿಟ್ಟು, ಹೆಣ್ಣನ್ನು ಬಿಟ್ಟು, ಇಲ್ಲದ ಶತ್ರುವಿನ ಜೊತೆ ಅರ್ಧ ಗಂಟೆ ಜಗಳವಾಡಿತು. ನಾನೂ ಅಲ್ಲೇ ಇದ್ದೆ. ಬೇಡ ಅನ್ನಲಿಲ್ಲ.

ಇದು ಸುಮ್ನೆ ಹಕ್ಕಿಯ ಹೊತ್ತು ಹಾಳು ಮಾಡುವ ವಿಷಯವಲ್ಲ. ಉತ್ತರ ಅಮೆರಿಕದ ಚಿಕಡೀ ಅನ್ನೋ ಪುಟ್ಟ ಹಕ್ಕಿಗಳ ಮೇಲೆ ನಡೆದ ಒಂದು ಅಧ್ಯಯನ 2002ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಗುಂಪಿನಲ್ಲಿ ಮೇಲಿನ ಸ್ಥಾನದಲ್ಲಿದ್ದ ಗಂಡುಗಳ ಎದುರು ಕೆಲವೇ ನಿಮಿಷ ರೆಕಾರ್ಡ್ ಮಾಡಿದ ಜಗಳಗಂಟ ಹಾಡು ಹಾಕಿದರು. ಹಾಡಿನ ಪಂದ್ಯದಲ್ಲಿ ಆ ಗಂಡುಗಳು ಸೋತಂತೆ ಮಾಡಿದರು. ಹೆಣ್ಣುಗಳು ಅದನ್ನು ಕೇಳಿಸಿಕೊಂಡವು. ಆಮೇಲೆ ಆ ಗಂಡುಗಳ ಗೂಡಿನಲ್ಲಿ ಬೇರೆ ಗಂಡುಗಳ ಮರಿಗಳು ಜಾಸ್ತಿ ಹುಟ್ಟಿದವು. ಅಂದರೆ ಸ್ಪೀಕರಿನ ಕೆಲವು ನಿಮಿಷ ಒಂದು ಹಕ್ಕಿಯ ಸಂಸಾರವನ್ನೇ ಬದಲಾಯಿಸಬಹುದು. ಇದನ್ನು ಓದಿದ ದಿನ ನನ್ನ ಫೋನಿನಲ್ಲಿದ್ದ ಕೂಗುಗಳನ್ನೆಲ್ಲ ಅಳಿಸಿಬಿಟ್ಟೆ.

ಹಾಗಂತ ಸಂತಾನದ ಕಾಲದಲ್ಲಿ ಕ್ಯಾಮೆರಾನೇ ಬೇಡ ಅಂತ ಆದೇಶ ಹೊರಡಿಸಬೇಡಿ. ನಿಮ್ಮ ಅಧಿಕಾರಿಗಳಿಗೆ ಅದು ಎಲ್ಲಕ್ಕಿಂತ ಸುಲಭದ ದಾರಿ ಅನಿಸಬಹುದು. ಆದರೆ ಕಣ್ಣಿಗೆ ಕಾಣದ್ದು ಕ್ಯಾಮೆರಾಗೆ ಕಾಣುತ್ತದೆ. ದಕ್ಷಿಣ ಅಮೆರಿಕದ ಕ್ಲಬ್-ವಿಂಗ್ಡ್ ಮನಾಕಿನ್ ಅನ್ನೋ ಹಕ್ಕಿ ಹೆಣ್ಣನ್ನು ಕರೆಯುವಾಗ ಪಿಟೀಲಿನಂಥ ಒಂದು ನಾದ ಬರುತ್ತದೆ. ಅದು ಗಂಟಲಿನಿಂದ ಬರೋದಲ್ಲ. ಗಂಡು ರೆಕ್ಕೆ ಎತ್ತಿ ಗರಿಗಳನ್ನು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಒಂದಕ್ಕೊಂದು ತಾಗಿಸುತ್ತದೆ. ಅತಿ ವೇಗದ ವಿಡಿಯೋ ಇಲ್ಲದಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಜೊತೆಗೆ, ಮುಚ್ಚಿದ ಗೇಟಿನ ಬೇಲಿ ಹಾರಿ ಒಳಗೆ ಹೋಗುವವರು ಯಾರು ಅಂತ ನಿಮಗೂ ಗೊತ್ತು. ನಿಯಮ ಪಾಲಿಸುವವನು ಮನೆಯಲ್ಲಿ ಕೂರುತ್ತಾನೆ, ಅಷ್ಟೇ.

ನಾನು ಕೇಳೋದು ಹೈಡ್. ಒಳಗೆ ಕೂತವರು ಹಕ್ಕಿಗೆ ಕಾಣದಂಥ, ಜಾಗ ಬದಲಾಗದಂಥ ಒಂದು ಮರೆ. ಅಮೆರಿಕದ ಹುಲ್ಲುಗಾವಲುಗಳಲ್ಲಿ ಪ್ರೇರಿ ಚಿಕನ್ ಅನ್ನೋ ಹಕ್ಕಿಗಳ ಕುಣಿತ ನೋಡುವವರಿಗೆ ಇಂಥವನ್ನು ಮಾಡಿದ್ದಾರೆ. ಕತ್ತಲಿರುವಾಗಲೇ ಒಳಗೆ ಹೋಗಬೇಕು. ಹಕ್ಕಿಗಳು ತಾವಾಗಿಯೇ ಹೋಗುವ ತನಕ ಹೊರಗೆ ಕಾಲಿಡುವಂತಿಲ್ಲ. ಕಾಲು ಜೋಮು ಹಿಡಿದರೂ ಅಷ್ಟೇ. ಜೊಂಡಿನ ಕಡ್ಡಿ ಅಡ್ಡ ಬಂದರೂ ಅಷ್ಟೇ! ಇದರಲ್ಲಿ ಜಾಣತನ ಏನೆಂದರೆ, ಫೋಟೊಗ್ರಾಫರನ ಒಳ್ಳೆಯತನವನ್ನು ಯಾರೂ ನಂಬಿ ಕೂರಬೇಕಿಲ್ಲ. ಆ ಹೊತ್ತಿಗೆ ನಮ್ಮಲ್ಲಿ ಒಳ್ಳೆಯತನ ಅಷ್ಟಾಗಿ ಇರೋದೂ ಇಲ್ಲ.

ಫೋಟೊ ತೆಗೆಯುವ ಪರವಾನಗಿಯ ಷರತ್ತಿನಲ್ಲಿ ‘ಗೂಡು, ಮೊಟ್ಟೆ’ ಅನ್ನೋ ಮಾತಿನ ಪಕ್ಕದಲ್ಲೇ ‘ಜೋಡಿಯಾಗುವ ಕಾಲ’ ಅಂತಲೂ ಸೇರಿಸಿ. ಯಾವ ಹಕ್ಕಿಗೆ ಯಾವ ತಿಂಗಳು ಅನ್ನೋದನ್ನು ನಿಮ್ಮ ಗಾರ್ಡುಗಳೇ ಬಾಯಲ್ಲಿ ಹೇಳಬಲ್ಲರು, ಅವರನ್ನು ಕೇಳಿ. ಸ್ಪೀಕರ್ ಮತ್ತು ಫೋನಿನ ಕೂಗು ಪೂರ್ತಿ ಬಂದ್ ಆಗಲಿ. ಗೈಡ್ ಹಾಕಿದರೆ ಗೈಡಿನ ಪರವಾನಗಿಯೂ ಹೋಗಲಿ. ಇಲಾಖೆ ಕ್ಯಾಲೆಂಡರಿಗೋ ಸ್ಪರ್ಧೆಗೋ ಇಂಥ ಚಿತ್ರ ತೆಗೆದುಕೊಳ್ಳುವಾಗ, ಎಷ್ಟು ದೂರದಿಂದ, ಎಲ್ಲಿ ಕೂತು, ಕೂಗು ಹಾಕಿದ್ದರೋ ಇಲ್ಲವೋ ಅಂತ ಬರೆಸಿಕೊಳ್ಳಿ. ಸುಳ್ಳು ಬರೆಯುವವರು ಇದ್ದೇ ಇರುತ್ತಾರೆ. ಆದರೂ ಹಾಗೆ ಕೇಳುತ್ತಾರೆ ಅಂತ ಗೊತ್ತಿದ್ದರೆ ಸ್ಪೀಕರಿನ ಕಡೆ ಹೋದ ಕೈ ಒಂದು ಕ್ಷಣ ನಿಂತೀತು.

ಅಂದಹಾಗೆ, ಆ ನಾಲ್ಕು ಹೆಜ್ಜೆಯ ಚಿತ್ರ ನನಗೆ ಎರಡು ವರ್ಷ ಬಿಟ್ಟು ಸಿಕ್ಕಿತು. ಹೈಡ್ ಒಳಗೆ ಕೂತು ತೆಗೆದದ್ದು. ಅದರಲ್ಲೂ ಜೊಂಡಿನ ಕಡ್ಡಿ ಅಡ್ಡ ಇದೆ. ಹಾಗೇ ಬಿಟ್ಟಿದ್ದೇನೆ.

ಮುಂದಿನ ಸಂತಾನದ ಕಾಲಕ್ಕೆ ಮೊದಲೇ ಒಂದು ಸುತ್ತೋಲೆ ಹೊರಡಿಸುತ್ತೀರಾ? ಷರತ್ತುಗಳ ಕರಡು ಬೇಕಿದ್ದರೆ ನಾನೇ ಬರೆದು ತಂದುಕೊಡುತ್ತೇನೆ.

ಇಂತಿ,
ಒಬ್ಬ ಹಕ್ಕಿ ಫೋಟೊಗ್ರಾಫರ್