ಪಿಎಚ್‌ಡಿ ಕೆಡುವುದು ಅರ್ಜಿ ಹಾಕುವ ದಿನವೇ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಪಿಎಚ್‌ಡಿ ಪ್ರವೇಶದ ಪ್ರಕಟಣೆ ಬಂತೆಂದರೆ ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ವಿಶ್ವವಿದ್ಯಾಲಯವೊಂದರ ಗೇಟಿನ ಎದುರು ಜೆರಾಕ್ಸ್, ಡಿಟಿಪಿ, ಬೈಂಡಿಂಗ್ ಅಂಗಡಿ ನನ್ನದು. ಯಾವ ಊರು ಅಂತ ಬರೆಯುವುದಿಲ್ಲ. ನಾಳೆ ಬೆಳಿಗ್ಗೆ ಮತ್ತೆ ಅದೇ ಶಟರ್ ಎತ್ತಬೇಕಲ್ವಾ.

ನಾನು ಓದಿದ್ದು ಬಿ.ಕಾಂ. ಸಂಶೋಧನೆ ಮಾಡಿದವನಲ್ಲ. ಆದರೆ ಪಿಎಚ್‌ಡಿಯ ಎರಡು ತುದಿಯನ್ನೂ ನೋಡುವವನು. ಅರ್ಜಿ ತುಂಬಿಸಲು ಹುಡುಗರು ಬರುವುದು ನನ್ನ ಹತ್ತಿರ. ಆರೇಳು ವರ್ಷ ಕಳೆದ ಮೇಲೆ ಪ್ರಬಂಧಕ್ಕೆ ರೆಕ್ಸಿನ್ ಬೈಂಡಿಂಗ್ ಮಾಡಿಸಿ, ಚಿನ್ನದ ಬಣ್ಣದ ಅಕ್ಷರ ಹಾಕಿಸಲು ಬರುವುದೂ ಇಲ್ಲಿಗೇ. ಮಧ್ಯದಲ್ಲಿ ಕಾಣೆಯಾಗುವವರು ಬಹಳ. ಅವರಲ್ಲಿ ದಡ್ಡರು ಯಾರೂ ಇರಲಿಲ್ಲ. ಯಾರ ಕೈಕೆಳಗೆ, ಯಾವ ವಿಷಯ, ಯಾರ ದುಡ್ಡಿನಲ್ಲಿ ಎಂಬ ಮೂರನ್ನು ಅರ್ಜಿ ಹಾಕುವಾಗ ಯೋಚಿಸಲಿಲ್ಲ, ಅಷ್ಟೆ. ಈ ಸಲ ಅರ್ಜಿ ಹಾಕುವವರು ಓದಲಿ ಎಂದು ಈ ಪತ್ರ.

ಮೊದಲು ಗೈಡ್, ಅಂದರೆ ಸಂಶೋಧನೆಗೆ ಮಾರ್ಗದರ್ಶನ ಮಾಡುವ ಅಧ್ಯಾಪಕರ ವಿಷಯ. ಫಾರಂ ತುಂಬುವಾಗ ನಾನು ಸುಮ್ನೆ ಕೇಳುತ್ತೇನೆ, ಗೈಡ್ ಯಾರಮ್ಮ ಎಂದು. "ಯಾರು ಸಿಕ್ಕಿದ್ರೂ ಸರಿ ಅಣ್ಣ, ಸೀಟ್ ಸಿಕ್ಕಿದ್ರೆ ಸಾಕು" ಎನ್ನುವ ಉತ್ತರವೇ ಜಾಸ್ತಿ. ಒಂದು ಮೊಬೈಲ್ ಕವರ್ ಕೊಳ್ಳುವಾಗ ನಾಲ್ಕು ಅಂಗಡಿ ಸುತ್ತುವವರು ಇವರೇ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನವೆಂಬರ್‌ನಲ್ಲಿ ತಂದ ನಿಯಮದಲ್ಲಿ ಲೆಕ್ಕ ಸ್ಪಷ್ಟವಾಗಿದೆ. ಒಂದು ಸಲಕ್ಕೆ ಪ್ರೊಫೆಸರ್ 8 ಮಂದಿಗೆ ಗೈಡ್ ಆಗಬಹುದು, ಅಸೋಸಿಯೇಟ್ ಪ್ರೊಫೆಸರ್ 6 ಮಂದಿಗೆ, ಅಸಿಸ್ಟೆಂಟ್ ಪ್ರೊಫೆಸರ್ 4 ಮಂದಿಗೆ. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಹಾಗಾದರೆ ಮೂರೂವರೆ ವರ್ಷ ಉಳಿದವರು? ಅವರು ತೆಗೆದುಕೊಳ್ಳಬಹುದು. ಆದರೆ ನಿಮ್ಮ ಪಿಎಚ್‌ಡಿ ಅಷ್ಟರಲ್ಲಿ ಮುಗಿಯುತ್ತದಾ? ಈ ಪ್ರಶ್ನೆಯನ್ನು ಮೊದಲೇ ಕೇಳಿದವರನ್ನು ನಾನು ಕಂಡದ್ದು ಅಪರೂಪ. ಸಾಹೇಬರ ಬೀಳ್ಕೊಡುಗೆಯ ಆಮಂತ್ರಣ ಪತ್ರಿಕೆ ಪ್ರಿಂಟ್ ಹಾಕಿಸಲು ಬಂದವರ ಮುಖ ನೋಡಿದರೆ ಗೊತ್ತಾಗುತ್ತದೆ, ಯಾರ ಪ್ರಬಂಧ ಅರ್ಧಕ್ಕೆ ನಿಂತಿದೆ ಎಂದು.

ಗೈಡ್ ಹೇಗೆ ಎಂದು ತಿಳಿಯಲು ದುಡ್ಡು ಖರ್ಚಿಲ್ಲದ ದಾರಿ ಇದೆ. ಶೋಧಗಂಗಾ ಎಂಬ ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳನ್ನು ಹಾಕುತ್ತಾರೆ. ಗೈಡ್ ಹೆಸರು ಕೊಟ್ಟು ಹುಡುಕಿ. ಅವರ ಕೈಕೆಳಗೆ ಮುಗಿಸಿದವರ ಎರಡು ಮೂರು ಪ್ರಬಂಧ ತೆರೆಯಿರಿ. ಹಿಂದಿನವರ ವಿಷಯ ನಿಮ್ಮದಕ್ಕೆ ಹತ್ತಿರ ಇದೆಯಾ, ಇಲ್ಲ ಕಡಲೆಕಾಯಿ ಮಾರುಕಟ್ಟೆಯಿಂದ ಹಿಡಿದು ಗ್ರಾಮ ಪಂಚಾಯಿತಿವರೆಗೆ ಎಲ್ಲವೂ ಒಬ್ಬರ ಕೈಕೆಳಗೇ ಆಗಿದೆಯಾ, ನೋಡಿ. ಆಮೇಲೆ ಕೃತಜ್ಞತೆಯ ಪುಟ ಓದಿ. ನಗಬೇಡಿ. ಆ ಪುಟಗಳನ್ನು ಟೈಪ್ ಮಾಡಿ ಮಾಡಿ ನನಗೆ ಅದರ ಒಳಗುಟ್ಟು ತಿಳಿದಿದೆ. "ನನ್ನ ಮೂರನೇ ಅಧ್ಯಾಯವನ್ನು ನಾಲ್ಕು ಸಲ ತಿದ್ದಿಸಿದರು" ಎಂದು ಬರೆದಿದ್ದರೆ ಆ ಗೈಡ್ ಓದುವವರು. ಪೂಜ್ಯ, ಪ್ರಾತಃಸ್ಮರಣೀಯ ಎಂದಷ್ಟೇ ಇದ್ದು ಪಕ್ಕದ ಸಾಲಿನಲ್ಲಿ ಹಾಸ್ಟೆಲ್ ಗೆಳೆಯನಿಗೆ "ಇಡೀ ಪ್ರಬಂಧ ಓದಿ ಸಲಹೆ ಕೊಟ್ಟಿದ್ದಕ್ಕೆ" ವಂದನೆ ಇದ್ದರೆ ನೀವೇ ಅರ್ಥ ಮಾಡಿಕೊಳ್ಳಿ.

ಇನ್ನೂ ಒಳ್ಳೆಯದು, ಈಗ ಅವರ ಹತ್ತಿರ ಮಾಡುತ್ತಿರುವವರನ್ನೇ ಕಂಡು ಚಹಾ ಕುಡಿಸಿ ಮಾತನಾಡಿಸುವುದು. ಒಂದು ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ವಾಪಸ್ ಬರುತ್ತದೆ? ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು? ಗೈಡ್ ಅವರ ಮನೆ ಕೆಲಸ, ಬ್ಯಾಂಕ್ ಕೆಲಸ, ಮಗಳ ಮದುವೆ ಓಡಾಟ ಇವೆಲ್ಲ ಪಿಎಚ್‌ಡಿಯ ಲೆಕ್ಕಕ್ಕೆ ಬರುತ್ತವಾ? ಕೊನೆಯ ಪ್ರಶ್ನೆಗೆ ಅವರು ಉತ್ತರ ಹೇಳುವುದಿಲ್ಲ, ನಗುತ್ತಾರೆ. ಅಷ್ಟು ಸಾಕು.

ಇನ್ನು ವಿಷಯ. ಸಿನಾಪ್ಸಿಸ್, ಅಂದರೆ ಸಂಶೋಧನೆಯ ರೂಪುರೇಷೆ, ಟೈಪ್ ಮಾಡಿಸಲು ಬರುವವರಲ್ಲಿ ಅರ್ಧ ಜನರ ಶೀರ್ಷಿಕೆ "ಒಂದು ಸಮಗ್ರ ಅಧ್ಯಯನ" ಎಂದು ಮುಗಿಯುತ್ತದೆ. ಸಮಾಜ ವಿಜ್ಞಾನದವರದ್ದಾದರೆ "ಇಂಥ ಜಿಲ್ಲೆಯನ್ನು ಅನುಲಕ್ಷಿಸಿ". ಸ್ತ್ರೀಶಕ್ತಿ ಸ್ವಸಹಾಯ ಸಂಘಗಳ ಮೇಲೆ ನಾನು ಎಷ್ಟು ಸಿನಾಪ್ಸಿಸ್ ಟೈಪ್ ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ. ಹಳೆಯ ಫೈಲ್ ತೆಗೆದು ಜಿಲ್ಲೆಯ ಹೆಸರು ಬದಲಿಸಿಕೊಡಿ ಎಂದು ಬಾಯಿಬಿಟ್ಟು ಕೇಳಿದವರೂ ಇದ್ದಾರೆ. ಬದಲಿಸಲು ಒಂದು ನಿಮಿಷ ಬೇಡ. ಅದನ್ನು ಹೊತ್ತುಕೊಂಡು ಆರು ವರ್ಷ ಬದುಕುವವರು ಅವರು.

ಮಹದೇಶ್ವರ ಬೆಟ್ಟದ ಕಡೆಯ ಒಬ್ಬ ಹುಡುಗಿ ಕನ್ನಡ ಎಂ.ಎ. ಮುಗಿಸಿ ಬಂದಿದ್ದಳು. ಇಡೀ ಚಾಮರಾಜನಗರ ಜಿಲ್ಲೆಯ ಜಾನಪದ, ಸಮಗ್ರ ಅಧ್ಯಯನ. ಅವಳ ಗೈಡ್ ಮೇಡಂ ಆ ಹಾಳೆಯನ್ನು ಕೈಗೆ ತೆಗೆದುಕೊಂಡು, ನಿನಗೆ ನಿಜವಾಗಿ ಏನು ಗೊತ್ತಿದೆ ಹೇಳು ಎಂದರಂತೆ. ಇವಳ ಸೋದರಮಾವ ಕಂಸಾಳೆಯವರು, ತಾಳ ಬಡಿಯುತ್ತಾ ಮಹದೇಶ್ವರನ ಕತೆ ಹಾಡುವವರು. ಆ ಮಾದಪ್ಪನ ಕತೆಯಲ್ಲಿ ಸಂಕಮ್ಮನ ಸಾಲು ಎಂಬ ಭಾಗವನ್ನು ಚಿಕ್ಕಂದಿನಿಂದ ಕೇಳಿದ್ದಳು. ಬೇರೆ ಬೇರೆ ಗುಡ್ಡರು, ಅಂದರೆ ಇಂಥ ಹಾಡುಗಾರರು, ಆ ಒಂದೇ ಸಾಲನ್ನು ಹೇಗೆ ಹಾಡುತ್ತಾರೆ, ಎಲ್ಲಿ ಹಿಗ್ಗಿಸುತ್ತಾರೆ, ಎಲ್ಲಿ ಬಿಡುತ್ತಾರೆ ಎಂಬುದೇ ವಿಷಯ ಆಯಿತು. ಮುಗಿಸಿದಳು. ಬೈಂಡಿಂಗ್‌ಗೆ ಬಂದಾಗ ಪ್ರಬಂಧ ತೆಳ್ಳಗಿತ್ತು. ನಾನು ಟೈಪ್ ಮಾಡಿದ ಪ್ರಬಂಧಗಳಲ್ಲಿ ಕೆಲಸ ಬಿಟ್ಟು ಕೂತು ಓದಿದ್ದು ಅದೊಂದೇ.

ಪ್ರವೇಶ ಪರೀಕ್ಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಿಶ್ವವಿದ್ಯಾಲಯಗಳೇ ನಡೆಸುವ ಪರೀಕ್ಷೆಯಲ್ಲಿ ಅರ್ಧ ಪ್ರಶ್ನೆ ಸಂಶೋಧನಾ ವಿಧಾನದ್ದು, ಅರ್ಧ ನಿಮ್ಮ ವಿಷಯದ್ದು. ಎಲ್ಲರೂ ತಮ್ಮ ವಿಷಯ ಓದುತ್ತಾರೆ, ವಿಧಾನದ ಭಾಗವನ್ನು ಬಿಡುತ್ತಾರೆ. 2024ರ ಜೂನ್ ಸುತ್ತಿನಿಂದ ಯುಜಿಸಿ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಅಂಕವೂ ಪಿಎಚ್‌ಡಿ ಪ್ರವೇಶಕ್ಕೆ ನಡೆಯುತ್ತದೆ. ಅದರಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಬಾರದವರಿಗೆ ನೆಟ್ ಅಂಕಕ್ಕೆ 70, ಸಂದರ್ಶನಕ್ಕೆ 30ರ ಲೆಕ್ಕ. ಆ ಅಂಕ ಬರೀ ಒಂದು ವರ್ಷ ಚಾಲ್ತಿ. ಮರೆತು ಎರಡನೇ ವರ್ಷ ತಂದರೆ ನಡೆಯುವುದಿಲ್ಲ.

ದಾಖಲೆ ವಿಷಯದಲ್ಲಿ ಒಂದೇ ಮಾತು. ನಾಡಕಚೇರಿಯಲ್ಲಿ ಸಿಕ್ಕ, ರಾಜ್ಯದ ಹಿಂದುಳಿದ ವರ್ಗದ 2ಎ, 3ಬಿ ಪ್ರಮಾಣಪತ್ರ ಹಿಡಿದು ನೆಟ್ ಅರ್ಜಿಯಲ್ಲಿ ಒಬಿಸಿ ಎಂದು ಗುರುತು ಹಾಕಬೇಡಿ. ಕೇಂದ್ರದ ಪಟ್ಟಿ ಬೇರೆ, ಅದರ ಪ್ರಮಾಣಪತ್ರದ ನಮೂನೆ ಬೇರೆ. ನಿಮ್ಮ ಜಾತಿ ಆ ಪಟ್ಟಿಯಲ್ಲಿ ಇದೆಯಾ ನೋಡಿ, ಆಮೇಲೆ ಹೊಸದಾಗಿ ಮಾಡಿಸಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಇದ್ದು ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇರುವವರು ಅದನ್ನೂ ಈಗಲೇ ಸರಿ ಮಾಡಿಸಿಕೊಳ್ಳಿ.

ದುಡ್ಡಿನ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಜೆಆರ್‌ಎಫ್ ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಆದ ಮೇಲೆ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆದರೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಕೇಳಲು ಚೆನ್ನಾಗಿದೆ. ಆದರೆ ಅದು ಪ್ರತಿ ತಿಂಗಳು ಒಂದನೇ ತಾರೀಕಿಗೆ ಬರುವ ಸಂಬಳ ಅಲ್ಲ. ತಿಂಗಳುಗಟ್ಟಲೆ ತಡವಾಗಿ ಒಟ್ಟಿಗೆ ಬಂದದ್ದನ್ನು ನೋಡಿದ್ದೇನೆ. ನನ್ನ ಉದ್ರಿ ಪುಸ್ತಕ ತೆರೆದರೆ ಎಷ್ಟೋ ಸಂಶೋಧಕರ ಹೆಸರು ಸಿಗುತ್ತದೆ. ಕೊಡದೆ ಹೋದವರು ಕಡಿಮೆ, ಅದನ್ನೂ ಹೇಳಬೇಕು. ಫೆಲೋಶಿಪ್ ಇಲ್ಲದವರು ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಾ ಮಾಡುತ್ತಾರೆ. ಅಂಥವರು ಪಾರ್ಟ್ ಟೈಮ್ ಎಂದೇ ಸೇರುವುದು ಒಳ್ಳೆಯದು. ನಿಯಮದಲ್ಲಿ ಅದಕ್ಕೆ ಅವಕಾಶ ಇದೆ, ಕೆಲಸ ಕೊಟ್ಟವರಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಫುಲ್ ಟೈಮ್ ಎಂದು ಸೇರಿ ಕದ್ದುಮುಚ್ಚಿ ಪಾಠ ಮಾಡಿದರೆ ಯಾವುದೋ ಒಂದು ದಿನ ಯಾರೋ ಒಬ್ಬರು ದೂರಿನ ಅರ್ಜಿ ಬರೆಯುತ್ತಾರೆ. ಆ ಅರ್ಜಿಯೂ ಟೈಪ್ ಆಗಲು ನನ್ನ ಹತ್ತಿರವೇ ಬರುತ್ತದೆ!

ಹೆಣ್ಣುಮಕ್ಕಳಿಗೆ ಒಂದು ಮಾತು. "ಮದುವೆಯಾಯ್ತು, ಮಗು ಆಯ್ತು, ಬಿಟ್ಟುಬಿಟ್ಟೆ ಅಣ್ಣ" ಎಂದವರಲ್ಲಿ ಹೆಚ್ಚಿನವರಿಗೆ ತಮ್ಮ ಹಕ್ಕೇ ಗೊತ್ತಿರಲಿಲ್ಲ. ಪಿಎಚ್‌ಡಿ ಅವಧಿಯಲ್ಲಿ ಒಟ್ಟು 240 ದಿನದವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆ ಇದೆ. ಪಿಎಚ್‌ಡಿಗೆ ಕೊಡುವ ಕಾಲ ಹೆಚ್ಚೆಂದರೆ 6 ವರ್ಷ, ಮರುನೋಂದಣಿ ಮಾಡಿಸಿದರೆ ಇನ್ನೂ 2. ಅದರ ಮೇಲೆ ಹೆಂಗಸರಿಗೆ ಮತ್ತೆ 2 ವರ್ಷದ ವಿನಾಯಿತಿ ಇದೆ. ಇದನ್ನು ಕಚೇರಿಯವರು ತಾವಾಗಿ ಹೇಳುವುದಿಲ್ಲ. ಬರವಣಿಗೆಯಲ್ಲಿ ಕೇಳಿ.

ಈಗ ಸೇರಿದ ಮೇಲಿನ ಸಂಗತಿ. ಬರೆಯುವುದನ್ನು ಐದನೇ ವರ್ಷಕ್ಕೆ ಇಟ್ಟುಕೊಳ್ಳಬೇಡಿ. ಮೊದಲಿಗೆ ಬರುವ ಕೋರ್ಸ್‌ವರ್ಕ್ ತರಗತಿ ನಡೆಯುವಾಗಲೇ ಓದಿದ ಪ್ರತಿ ಪುಸ್ತಕದ ವಿವರ ಬರೆದಿಡಿ. ಜೊಟೆರೊ ಎಂಬ ತಂತ್ರಾಂಶ ಉಚಿತ. ನೀವು ಓದಿದ ಲೇಖನಗಳನ್ನು ಅದರಲ್ಲಿ ಸೇರಿಸುತ್ತಾ ಹೋದರೆ ಕೊನೆಗೆ ಆಕರ ಪಟ್ಟಿಯನ್ನು ಅದೇ ಮಾಡಿಕೊಡುತ್ತದೆ. ಇದನ್ನು ಹೇಳಿದರೆ ನನ್ನ ಟೈಪಿಂಗ್ ದುಡ್ಡು ಹೋಗುತ್ತದೆ, ಆದರೂ ಹೇಳುತ್ತೇನೆ. ಸಲ್ಲಿಸುವ ಹಿಂದಿನ ರಾತ್ರಿ ಕೂತು ಪುಟ ಸಂಖ್ಯೆ ಹುಡುಕುವವರ ಪಾಡು ನನ್ನಿಂದ ನೋಡಲಾಗುವುದಿಲ್ಲ. ಪಠ್ಯದಲ್ಲಿ ಇರುವ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ, ಪಟ್ಟಿಯಲ್ಲಿ ಇರುವ ಪುಸ್ತಕವನ್ನು ಅವರು ಮುಟ್ಟಿಯೇ ಇರುವುದಿಲ್ಲ. ಈಚೆಗೆ ಚಾಟ್‌ಜಿಪಿಟಿ ಬೇರೆ ಬಂದಿದೆ. ಅದು ಕೊಟ್ಟ ಪಟ್ಟಿಯಲ್ಲಿ ಲೇಖಕರು ನಿಜ, ಜರ್ನಲ್ ನಿಜ, ಆದರೆ ಆ ಲೇಖನವನ್ನು ಯಾರೂ ಬರೆದೇ ಇಲ್ಲ! ನನ್ನಂಥವನು ಹುಡುಕಿದರೇ ಗೊತ್ತಾಗುತ್ತದೆ, ಪರೀಕ್ಷಕರಿಗೆ ಗೊತ್ತಾಗುವುದಿಲ್ಲವಾ?

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ. ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿಸಬೇಡಿ. ಯೂನಿಕೋಡ್‌ನಲ್ಲೇ ಮಾಡಿ. ಹಳೆಯ ಫಾಂಟ್‌ನ ಫೈಲ್ ನಿಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅಂಥ ಪ್ರಬಂಧ ಶೋಧಗಂಗಾದಲ್ಲಿ ಇದ್ದರೂ ಒಳಗಿನ ಕನ್ನಡ ಪದ ಕೊಟ್ಟು ಹುಡುಕಿದರೆ ಸಿಗುವುದಿಲ್ಲ. ಕೊನೆಯಲ್ಲಿ ಬದಲಾಯಿಸಿದರಾಯಿತು ಎನ್ನುತ್ತಾರೆ. ಬದಲಾಯಿಸಬಹುದು. ಆದರೆ ಅರ್ಕಾವತ್ತು ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ ಹಾರಿಹೋಗುತ್ತವೆ, ಮತ್ತೆ ಇನ್ನೂರೈವತ್ತು ಪುಟ ಕರಡು ತಿದ್ದಬೇಕು.

ಕೃತಿಚೌರ್ಯದ ವರದಿ ಎಂದರೆ ಎಲ್ಲರಿಗೂ ಜ್ವರ. 2018ರ ಯುಜಿಸಿ ನಿಯಮ ಸರಳ. ಹೋಲಿಕೆ ನೂರಕ್ಕೆ 10ರವರೆಗೆ ಇದ್ದರೆ ದಂಡ ಇಲ್ಲ. 10ರಿಂದ 40 ಆದರೆ ಆರು ತಿಂಗಳ ಒಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ತಿದ್ದಿದ ಪ್ರಬಂಧವನ್ನೂ ಒಂದು ವರ್ಷ ಕೊಡುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಆಕರ ಹೇಳಿ ಉದ್ಧರಿಸಿದ ಭಾಗ, ಗ್ರಂಥಸೂಚಿ, ಕೃತಜ್ಞತೆ ಇವು ಲೆಕ್ಕಕ್ಕೆ ಬರುವುದಿಲ್ಲ. ಇಷ್ಟು ತಿಳಿಯದೆ "ಪರ್ಸೆಂಟೇಜ್ ಇಳಿಸಿಕೊಡಿ ಅಣ್ಣ" ಎಂದು ಬರುತ್ತಾರೆ. ಪದ ಬದಲಿಸಿ ಇಳಿಸಿಕೊಡುವ ಅಂಗಡಿಗಳು ಇವೆ, ನನಗೆ ಗೊತ್ತು. ಇಡೀ ಪ್ರಬಂಧವನ್ನೇ ಬರೆದುಕೊಡುವವರ ಫೋನ್ ನಂಬರ್ ಹಾಸ್ಟೆಲ್ ಗೋಡೆಯಲ್ಲೇ ಸಿಗುತ್ತದೆ. ನಮ್ಮಲ್ಲಿ ಆ ಕೆಲಸ ಇಲ್ಲ. ದುಡ್ಡು ಕೊಟ್ಟು ಬರೆಸಿದವರು ನಾಳೆ ನನ್ನ ಮಗನಿಗೆ ಪಾಠ ಮಾಡಲು ಬರುತ್ತಾರೆ ಎನ್ನುವುದು ನನ್ನ ತಕರಾರು. ನೀತಿ ಪಾಠ ಅಂತ ತಿಳಿಯಬೇಡಿ, ಫೀಸು ಕಟ್ಟುವವನು ನಾನು.

ವಾಟ್ಸ್‌ಆ್ಯಪ್‌ನಲ್ಲಿ "ಎರಡು ದಿನದಲ್ಲಿ ಲೇಖನ ಪ್ರಕಟಣೆ" ಎಂದು ಬರುವ ಜರ್ನಲ್‌ಗಳಿಗೆ ದುಡ್ಡು ಸುರಿಯಬೇಡಿ. ಪ್ರಬಂಧ ಸಲ್ಲಿಸಲು ಲೇಖನ ಕಡ್ಡಾಯ ಎಂಬ ಮಾತು ಯುಜಿಸಿಯ 2022ರ ನಿಯಮದಲ್ಲಿ ಇಲ್ಲ. ನಿಮ್ಮ ವಿಶ್ವವಿದ್ಯಾಲಯ ತನ್ನ ನಿಯಮದಲ್ಲಿ ಕೇಳುತ್ತದಾ ಎಂದು ನೋಡಿಕೊಂಡು, ಬೇಕಿದ್ದರೆ ವಿಭಾಗದ ಗ್ರಂಥಾಲಯದಲ್ಲಿ ಜನ ನಿಜವಾಗಿ ತೆರೆದು ಓದುವ ಪತ್ರಿಕೆಗೇ ಕಳಿಸಿ.

ಕೊನೆಗೆ ವಿಶ್ವವಿದ್ಯಾಲಯಗಳಿಗೆ ನನ್ನ ಕೋರಿಕೆ, ನಿಮ್ಮ ಪತ್ರಿಕೆಯ ಮೂಲಕ. ಪ್ರವೇಶದ ಪ್ರಕಟಣೆಯ ಜೊತೆಗೇ ಪ್ರತಿ ಗೈಡ್ ಹತ್ತಿರ ಖಾಲಿ ಇರುವ ಸೀಟು, ಅವರ ನಿವೃತ್ತಿಯ ವರ್ಷ, ಅವರ ಕೈಕೆಳಗೆ ನೋಂದಣಿಯಾದವರು ಎಷ್ಟು, ಮುಗಿಸಿದವರು ಎಷ್ಟು ಎಂಬ ಪಟ್ಟಿಯನ್ನು ಕನ್ನಡದಲ್ಲಿ ಜಾಲತಾಣದಲ್ಲಿ ಹಾಕಿ. ಎಲ್ಲವೂ ನಿಮ್ಮ ಕಚೇರಿಯ ಫೈಲಿನಲ್ಲಿ ಇರುವ ಮಾಹಿತಿಯೇ. ಟೈಪ್ ಮಾಡಲು ಸಿಬ್ಬಂದಿ ಇಲ್ಲ ಎಂದರೆ ಹಸ್ತಪ್ರತಿ ಕಳಿಸಿ, ನಾನು ಮಾಡಿಕೊಡುತ್ತೇನೆ. ದುಡ್ಡು ಬೇಡ, ಯೂನಿಕೋಡ್‌ನಲ್ಲಿ ಮಾತ್ರ.

ಇಂತಿ,
ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯವನು