ಲಾಟನ್ ಮಾಡಿದ್ದು ಒಂದೇ ಸಿನಿಮಾ

ಪ್ರಿಯ ಓದುಗರೇ,

ಹೋದ ತಿಂಗಳು ಸಂಘದವರೆಲ್ಲ ಸೇರಿ ಒಂದು ಕನ್ನಡ ಸಿನಿಮಾ ನೋಡಿ ಬಂದೆವು. ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಬಾಗಿಲು ತೆಗೆಯುವ ಮೊದಲೇ 'ಚೆನ್ನಾಗಿಲ್ಲ' ಅಂತ ತೀರ್ಪು ಆಗಿಹೋಗಿತ್ತು. ನಾನೂ ಹಾಗೇ ಅಂದೆ. ಅದೇ ವಾರ ಮನೆಯಲ್ಲಿ 'ದಿ ನೈಟ್ ಆಫ್ ದ ಹಂಟರ್' ನೋಡಿದೆ. ಆಮೇಲೆ ನನ್ನ ಮಾತು ನನಗೇ ಚುಚ್ಚತೊಡಗಿತು.

ಇದು ಚಾರ್ಲ್ಸ್ ಲಾಟನ್ ನಿರ್ದೇಶಿಸಿದ 1955ರ ಕಪ್ಪು ಬಿಳುಪು ಚಿತ್ರ. ಕಥೆ ನಡೆಯುವುದು 1930ರ ದಶಕದ ಬಡತನದ ಕಾಲದಲ್ಲಿ, ವೆಸ್ಟ್ ವರ್ಜೀನಿಯಾದ ನದಿ ದಂಡೆಯ ಊರಲ್ಲಿ. ಅಲ್ಲಿಗೊಬ್ಬ ಕ್ರೈಸ್ತ ಧರ್ಮಬೋಧಕ ಬರುತ್ತಾನೆ. ಒಂದು ಕೈಬೆರಳುಗಳ ಮೇಲೆ 'ಲವ್', ಇನ್ನೊಂದರ ಮೇಲೆ 'ಹೇಟ್' ಅಂತ ಹಚ್ಚೆ. ವಿಧವೆಯರನ್ನು ಮದುವೆಯಾಗಿ ಕೊಲ್ಲುವವನು. ಗೊಂಬೆಯೊಳಗೆ ಬಚ್ಚಿಟ್ಟ ದುಡ್ಡಿಗಾಗಿ ಇಬ್ಬರು ಪುಟ್ಟ ಮಕ್ಕಳ ಬೆನ್ನು ಹತ್ತುತ್ತಾನೆ. ಊರೆಲ್ಲ ಅವನನ್ನು ನಂಬುತ್ತದೆ, ಆ ಹುಡುಗನೊಬ್ಬನನ್ನು ಬಿಟ್ಟು. ಇಂಥ ಕತ್ತಲೆಯ ಕಥೆಗಳಿಗೆ ಅಮೆರಿಕದಲ್ಲಿ ಸದರ್ನ್ ಗಾಥಿಕ್ ಅನ್ನುತ್ತಾರೆ.

ಮಕ್ಕಳು ದೋಣಿ ಹತ್ತಿ ತಪ್ಪಿಸಿಕೊಳ್ಳುವ ರಾತ್ರಿಯನ್ನು ನಾನು ಮೂರು ಸಲ ನೋಡಿದೆ. ತಂಗಿ ಹಾಡುತ್ತಾಳೆ. ದಡದಲ್ಲಿ ಜೇಡರ ಬಲೆ, ಕಪ್ಪೆ, ಮೊಲ. ಆಮೇಲೆ ಹುಡುಗ ಕೊಟ್ಟಿಗೆಯ ಅಟ್ಟದಲ್ಲಿ ಎಚ್ಚರವಾಗಿ ನೋಡಿದರೆ, ದೂರದಲ್ಲಿ ಕುದುರೆ ಮೇಲೆ ಹಾಡಿಕೊಂಡು ಬರುತ್ತಿದ್ದಾನೆ ಆ ಬೋಧಕ. ಅದಷ್ಟೂ ಸ್ಟುಡಿಯೋದೊಳಗಿನ ಸೆಟ್. ದೂರ ಕಾಣಲಿ ಅಂತ ಕುಳ್ಳ ವ್ಯಕ್ತಿಯೊಬ್ಬರನ್ನು ಸಣ್ಣ ಕುದುರೆ ಮೇಲೆ ಕೂರಿಸಿ ತೆಗೆದದ್ದು. ಗೊತ್ತಾದ ಮೇಲೂ ಎದೆ ಝಲ್ ಅನ್ನುತ್ತದೆ.

ಬಿಡುಗಡೆಯಾದಾಗ ಜನ ಬರಲಿಲ್ಲ. ಅಲ್ಲಲ್ಲಿ ಮೆಚ್ಚಿದ ವಿಮರ್ಶಕರೂ ಪೂರ್ತಿ ಒಪ್ಪಲಿಲ್ಲ. ಭಯದ ಚಿತ್ರವಾ, ಅಜ್ಜಿ ಕಥೆಯಾ? ಎರಡೂ ಹೌದು, ಆದರೆ ಹಾಗೆ ನೋಡುವ ರೂಢಿ ಆಗ ಇರಲಿಲ್ಲ. ಚಾರ್ಲ್ಸ್ ಲಾಟನ್ ಆಸ್ಕರ್ ಗೆದ್ದ ದೊಡ್ಡ ನಟ, ನಿರ್ದೇಶಿಸಿದ ಮೊದಲ ಚಿತ್ರ ಇದು. ಮುಂದಿನದಕ್ಕೆ ತಯಾರಿ ನಡೆದಿತ್ತು, ಅದು ಕೈತಪ್ಪಿತು. ಮತ್ತೆಂದೂ ಅವರು ಸಿನಿಮಾ ನಿರ್ದೇಶಿಸಲಿಲ್ಲ. 1962ರಲ್ಲಿ ತೀರಿಕೊಂಡರು.

1992ರಲ್ಲಿ ಅಮೆರಿಕ ಇದನ್ನು ಕಾಪಾಡಬೇಕಾದ ಚಿತ್ರಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. 2008ರಲ್ಲಿ ಫ್ರಾನ್ಸಿನ 'ಕಾಯೇ ದು ಸಿನೆಮಾ' ಪತ್ರಿಕೆಯ ನೂರು ಚಿತ್ರಗಳ ಪಟ್ಟಿಯಲ್ಲಿ ಎರಡನೇ ಸ್ಥಾನ. ಇದನ್ನೆಲ್ಲ ಕೇಳಲು ಅವರಿರಲಿಲ್ಲ ಅನ್ನುವುದು ನನಗೆ ತುಂಬಾ ಸಂಕಟ ಕೊಡುತ್ತದೆ. ಆವತ್ತು ನಾಲ್ಕು ಜನ ಇನ್ನೊಂದು ಸಲ ನೋಡಿ ಬರೆದಿದ್ದರೆ?

ಮುಂದಿನ ಸಂಚಿಕೆಗೆ ಸಿನಿಮಾ ಬಗ್ಗೆ ಬರೆಯುವವರಲ್ಲಿ ಒಂದು ವಿನಂತಿ. ಎರಡು ದಿನ ಬಿಟ್ಟು ಬರೆಯಿರಿ. ನಾನೂ ಹಾಗೇ ಮಾಡುತ್ತೇನೆ.

ಲಾಟನ್ ತಮ್ಮ ಈ ಚಿತ್ರದಲ್ಲಿ ಬಳಸದೆ ಬಿಟ್ಟ ಎಂಟು ಗಂಟೆಗೂ ಜಾಸ್ತಿ ರೀಲುಗಳು ಉಳಿದಿವೆ. ಅವನ್ನು ಜೋಪಾನ ಮಾಡಿ ಮುಂದಿನವರಿಗೆ ಕೊಟ್ಟವರು ಅವರ ಹೆಂಡತಿ, ನಟಿ ಎಲ್ಸಾ ಲ್ಯಾಂಚೆಸ್ಟರ್. ಅವುಗಳಲ್ಲಿ ಲಾಟನ್ ಕಾಣಿಸುವುದು ಕಡಿಮೆ. ಓಡುತ್ತಲೇ ಇರುವ ಕ್ಯಾಮೆರಾದ ಪಕ್ಕದಿಂದ, ನಟರಿಗೆ ಮಾತು ಹೇಳಿಕೊಡುವ ಅವರ ದನಿ ಕೇಳಿಸುತ್ತದೆ.